ಡೆನ್ಮಾರ್ಕಿನ ಕುದುರೆಗೂ ಸುಳಿ ನೋಡಿದೆ

ವಾಡಿ ಜಂಕ್ಷನ್

ನನಗೆ ಯಾರ ಮೇಲೂ ಬೇಗ ನಂಬಿಕೆ ಹುಟ್ಟುವುದಿಲ್ಲ. ಹಾಲಿನವಳು ಬಂದರೆ ಬೆರಳು ಅದ್ದಿ ನೋಡುತ್ತೇನೆ. ಕಣಿ ಹೇಳುವವನು ಬಂದರೆ ಅವನ ಚಪ್ಪಲಿ ನೋಡುತ್ತೇನೆ. ಹೀಗಿರುವಾಗ ವಾಡಿಯ ಸಿಮೆಂಟ್ ಕಾರ್ಖಾನೆಯ ಮ್ಯಾನೇಜರು ನನ್ನನ್ನು ಕರೆದು, ಹೊಸ ಭಟ್ಟಿಯ ಕೆಲಸ ಕಲಿಯಲು ನಾಲ್ಕು ತಿಂಗಳು ಡೆನ್ಮಾರ್ಕಿಗೆ ಹೋಗಬೇಕು ಎಂದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಅನುಮಾನ. ಇಷ್ಟು ಜನರಿರುವಾಗ ಭಟ್ಟಿಯ ಫೋರ್ಮನ್ ಶರಣಪ್ಪನೇ ಏಕೆ? ಆ ದೇಶದಲ್ಲಿ ಏನೋ ಕೆಡುಕಿರಬೇಕು, ಇಲ್ಲದಿದ್ದರೆ ಮ್ಯಾನೇಜರ ಅಳಿಯನೇ ಹೋಗುತ್ತಿದ್ದ.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷದ ಮಾತು ಇದು. ನನ್ನ ಜೊತೆ ಬರುವವನು ಯಾರೆಂದು ತಿಳಿದಾಗ ಅನುಮಾನ ಎರಡರಷ್ಟಾಯಿತು. ಅವನು ವೆಲ್ಡರ್ ಖಾಜಾಮಿಯಾ. ನನ್ನ ಹಾಗೆಯೇ ಚಿತ್ತಾಪುರದಿಂದ ದಿನಾ ರೈಲಿನಲ್ಲಿ ವಾಡಿಗೆ ಬಂದುಹೋಗುವವನು, ಮಾತು ಕಡಿಮೆ, ಕೆಲಸ ಚೊಕ್ಕ. ಆದರೆ ಅವನು ಟಾಂಗಾ ಹೊಡೆಯುವ ಮಸ್ತಾನ್ ಚಾಚಾನ ಅಣ್ಣನ ಮಗ. ಮಸ್ತಾನ್ ಚಾಚಾನಿಗೂ ನನಗೂ ನಡುವೆ ಒಂದು ಕುದುರೆ ನಿಂತಿತ್ತು.

ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಚಿತ್ತಾಪುರ ಸ್ಟೇಷನ್ನಿನ ಎದುರು, ಟಾಂಗಾಗಳು ನಿಲ್ಲುವ ಜಾಗದಲ್ಲಿ, ಚಾಚಾನ ಹೆಣ್ಣುಕುದುರೆ ಮೈನಾ ನನ್ನನ್ನು ಒದ್ದು ಎಡಗಾಲು ಮುರಿಯಿತು. ಮೂರು ತಿಂಗಳು ಪ್ಲಾಸ್ಟರ್ ಹಾಕಿಕೊಂಡು ಕುಳಿತೆ. ನಮ್ಮ ಅಪ್ಪ ದನ, ಕುದುರೆಗಳ ಸುಳಿ ನೋಡುವುದರಲ್ಲಿ ಹೆಸರಾದವರು. ಮೈಮೇಲಿನ ಕೂದಲು ಎಲ್ಲಿ ಸುತ್ತಿ ಸುಳಿಯಾಗಿದೆ ಎಂದು ನೋಡಿ, ಈ ಜಾನುವಾರು ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ವಿದ್ಯೆ ಅದು. ಕಾಳಗಿಯಿಂದ ಸೇಡಂವರೆಗೆ ಎತ್ತು ಕೊಳ್ಳುವವರು ಅಪ್ಪನನ್ನು ಕರೆದೊಯ್ಯುತ್ತಿದ್ದರು. ಆ ವಿದ್ಯೆ ನನಗೂ ಬಂದಿತ್ತು, ಅದರ ಜಂಬವೂ ಬಂದಿತ್ತು. ಕೋಲು ಊರಿಕೊಂಡು ಸ್ಟೇಷನ್ ಹೋಟೆಲಿಗೆ ಹೋದ ಮೊದಲ ದಿನವೇ ನಾಲ್ಕು ಜನರ ಮುಂದೆ ಹೇಳಿದೆ: "ಮೈನಾನ ಬಲಗಣ್ಣಿನ ಕೆಳಗ ಸುಳಿ ಅದ. ಕಣ್ಣೀರ ಸುಳಿ. ಆ ಟಾಂಗಾ ಹತ್ತಿದವರ ಮನ್ಯಾಗ ಅಳೋದು ತಪ್ಪಂಗಿಲ್ಲ."

ಮೊದಲು ಬಸುರಿಯರು ಆ ಟಾಂಗಾ ಬಿಟ್ಟರು. ಆಮೇಲೆ ಮದುವೆ ಮನೆಯವರು, ಆಮೇಲೆ ಅಂಗಡಿಯವರು. ಸಾಲಿನಲ್ಲಿ ಮೊದಲಿಗೆ ನಿಂತಿದ್ದರೂ ಜನ ಮೈನಾಳನ್ನು ದಾಟಿ ಹಿಂದಿನ ಟಾಂಗಾ ಹತ್ತುತ್ತಿದ್ದರು. ಚಾಚಾ ನನ್ನ ಬಳಿ ಬಂದು ಒಂದು ಮಾತೂ ಆಡಲಿಲ್ಲ. ಖಾಜಾನೂ ಆಡಲಿಲ್ಲ. ಸುಮ್ಮನಿರುವವರನ್ನು ಕಂಡರೆ ನನಗೆ ಇನ್ನೂ ಭಯ.

ವಾಡಿಯಲ್ಲಿ ಬಾಂಬೆ ರೈಲು ಹತ್ತಿಸಲು ಬಂದ ನನ್ನ ಹೆಂಡತಿ ನೀಲಮ್ಮ ಖಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ ಕೊಟ್ಟಳು.

"ಖಾಜಾ ಸಂಗಟ ಇದ್ದಾನಂತ ನನಗ ಧೈರ್ಯ ಅದ," ಎಂದಳು.

"ಅವ ಇದ್ದಾನಂತನ ನನಗ ಹೆದರಿಕಿ," ಎಂದೆ.

ಕೋಪನ್‌ಹೇಗನ್

ವಿಮಾನ ನಿಲ್ದಾಣದಲ್ಲಿ ಒಬ್ಬ ಎತ್ತರದ ಅಧಿಕಾರಿ ರೊಟ್ಟಿಯ ಗಂಟು ಬಿಚ್ಚಿಸಿದ. ಒಂದು ರೊಟ್ಟಿ ತೆಗೆದು ಬೆರಳಿನಿಂದ ತಟ್ಟಿದ. ಟಕ್ ಟಕ್ ಎಂದಿತು. ಬೆಳಕಿಗೆ ಹಿಡಿದ. ಇನ್ನೊಬ್ಬನನ್ನು ಕರೆದ, ಅವನೂ ತಟ್ಟಿದ. ಇದು ಯಾವ ಯಂತ್ರದ ಭಾಗ ಎಂದು ಕೇಳಿದ. ತಿನ್ನುವುದು ಎಂದೆ. ಇಬ್ಬರೂ ನನ್ನ ಮುಖ ನೋಡಿದರು. ಆಗ ಖಾಜಾ ಮುಂದೆ ಬಂದು ಒಂದು ರೊಟ್ಟಿ ಮುರಿದು ಕರುಂ ಕರುಂ ಎಂದು ತಿಂದು ತೋರಿಸಿದ. ಅವರು ನಕ್ಕು ಬಿಟ್ಟರು. ನಮ್ಮ ರೊಟ್ಟಿಯನ್ನು ಕಂಡು ಅನುಮಾನಪಟ್ಟ ಆ ಮನುಷ್ಯ ನನಗೆ ಮಾತ್ರ ಒಳ್ಳೆಯವನಾಗಿ ಕಂಡ, ನನ್ನ ಜಾತಿಯವನು.

ಮೊದಲ ಭಾನುವಾರ

ಭಟ್ಟಿಯ ಯಂತ್ರ ತಯಾರಾಗುವ ಊರು ದೇಶದ ಉತ್ತರಕ್ಕಿದೆ. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಕಿರ್ಸ್ಟನ್ ಎಂಬ ಹೆಂಗಸಿನ ಮನೆಯಲ್ಲಿ ನಮಗೆ ಇರಲು ಕೊಟ್ಟಿದ್ದರು. ಐವತ್ತು ದಾಟಿದ, ಗಟ್ಟಿ ಮೈಯ ಹೆಂಗಸು. ನಾವು ಆಕೆಯನ್ನು ಕಿರ್ಸ್ಟನ್ ಬಾಯಿ ಎಂದೆವು, ಆಕೆಗೂ ಅದು ಇಷ್ಟವಾಯಿತು. ನಮ್ಮ ಮೂವರ ನಡುವೆ ನಡೆಯುತ್ತಿದ್ದದ್ದು ಅರ್ಧಂಬರ್ಧ ಇಂಗ್ಲಿಷು.

ಆ ಜನ ಮನೆಗೆ ಬೀಗ ಹಾಕುವುದಿಲ್ಲ. ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಚಳಿಯಲ್ಲಿ ಅಂಗಡಿಯ ಹೊರಗೇ ಬಿಟ್ಟು ಒಳಗೆ ಹೋಗುತ್ತಾರೆ. ಮೊದಲ ಸಲ ಅದನ್ನು ಕಂಡು ನನ್ನ ಎದೆ ಹಾರಿತು. ಯಾರಾದರೂ ಎತ್ತಿಕೊಂಡು ಹೋದರೆ? ಒಂದು ಕೂಸಿನ ಪಕ್ಕ ಕಾವಲು ನಿಂತೆ. ತಾಯಿ ಹೊರಗೆ ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಾಡಿಯನ್ನು ಬೇಗ ಬೇಗ ತಳ್ಳಿಕೊಂಡು ಹೋದಳು. ಆ ಊರಿನಲ್ಲಿ ಅನುಮಾನಪಡಬೇಕಾದ ಮನುಷ್ಯ ನಾನೊಬ್ಬನೇ ಆಗಿದ್ದೆ.

ಕಿರ್ಸ್ಟನ್ ಬಾಯಿಗೆ ಕುದುರೆಗಳಿದ್ದವು, ಸವಾರಿ ಕಲಿಸುವುದೇ ಆಕೆಯ ಕಸುಬು. ಆಕೆಯ ಮನೆಯ ನಿಯಮವೊಂದಿತ್ತು: ಭಾನುವಾರ ಎಲ್ಲರೂ ಲಾಯದಲ್ಲಿ ಕೆಲಸ ಮಾಡಬೇಕು, ಕೆಲಸ ಮಾಡಿದವರಿಗೆ ಸವಾರಿ ಕಲಿಸುತ್ತಾಳೆ. ಲದ್ದಿ ಬಳಿಸಲು ಹೂಡಿದ ಆಟ ಎಂದುಕೊಂಡೆ. ಕುದುರೆ ಎಂದ ಕೂಡಲೇ ಎಡಗಾಲು ಬೇರೆ ನೋಯತೊಡಗಿತು. ಆದರೆ ಖಾಜಾ ಆಗಲೇ ತೋಳು ಮಡಚಿ ಒಳಗೆ ಹೋಗಿದ್ದ. ಅವನ ಮುಂದೆ ಹಿಂಜರಿಯಲು ಮನಸ್ಸು ಒಪ್ಪಲಿಲ್ಲ.

ನಾನು ಮೊದಲು ಮಾಡಿದ ಕೆಲಸ ಸುಳಿ ನೋಡಿದ್ದು. ಥೋರ್ ಎಂಬ ಕಂದು ಕುದುರೆಯ ಹಣೆಯ ನಟ್ಟನಡುವೆ ಒಂದೇ ಸುಳಿ, ಅಪ್ಪ ನೋಡಿದ್ದರೆ ಕೈ ಮುಗಿಯುತ್ತಿದ್ದರು. ಫ್ರೇಯಾ ಎಂಬುದು ಗಿಡ್ಡ ಹಳದಿ ಹೆಣ್ಣುಕುದುರೆ, ಬೆನ್ನುದ್ದಕ್ಕೂ ಕಪ್ಪು ಗೆರೆ. ಅದರ ಬಲಗಣ್ಣಿನ ಕೆಳಗೆ ನೋಡಿದವನು ಎರಡು ಹೆಜ್ಜೆ ಹಿಂದೆ ಸರಿದೆ. ಅದೇ ಸುಳಿ. ಕಣ್ಣೀರ ಸುಳಿ ಏಳು ಸಮುದ್ರ ದಾಟಿ ನನಗಿಂತ ಮೊದಲೇ ಬಂದು ಕುಳಿತಿತ್ತು.

"ಹೊಸಬರಿಗೆ ಫ್ರೇಯಾ ಒಳ್ಳೆಯದು," ಎಂದಳು ಕಿರ್ಸ್ಟನ್ ಬಾಯಿ.

ಖಾಜಾ ಆಕೆಯ ಕಿವಿಯಲ್ಲಿ ಹೇಳಿಕೊಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಸುಳಿಯ ವಿಚಾರ ವಿವರಿಸಿದೆ. ಆಕೆ ಗಂಭೀರವಾಗಿ ಕೇಳಿದಳು, ಫ್ರೇಯಾಳ ಕಣ್ಣಿನ ಕೆಳಗೆ ಬೆರಳಿಟ್ಟು ನೋಡಿದಳು. "ಹದಿನಾಲ್ಕು ವರ್ಷ ಇದರ ಜೊತೆ ಇದ್ದೇನೆ, ಇದನ್ನು ನೋಡೇ ಇರಲಿಲ್ಲ," ಎಂದು, ನಾನು ಕೇಳಿದ ಹಾಗೆ ಥೋರನ ಹಗ್ಗವನ್ನೇ ನನ್ನ ಕೈಗೆ ಕೊಟ್ಟಳು.

ಎರಡನೆಯ ಭಾನುವಾರ

ಕುದುರೆ ಹತ್ತುವುದೆಂದರೆ ಹತ್ತಿ ಕುಳಿತುಕೊಳ್ಳುವುದು ಎಂದುಕೊಂಡವನಿಗೆ ಆಕೆಯ ಪಾಠ ಬೇಸರ ತಂದಿತು. ತಲೆಗೆ ಗಟ್ಟಿ ಟೊಪ್ಪಿಗೆ ಹಾಕು. ಹಿಮ್ಮಡಿ ಇರುವ ಬೂಟು ಹಾಕು, ಇಲ್ಲದಿದ್ದರೆ ಪಾದ ಕಾಲಿಡುವ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ, ಮಡಚಿ ಹಿಡಿ. ಕುದುರೆ ಓಡಿದರೆ ಕೈ ಬಿಡಿಸಿಕೊಳ್ಳಲು ಬರಬೇಕು. ಭುಜದ ಹತ್ತಿರ ನಿಲ್ಲು. ಮೈ ಉಜ್ಜು. ಮಾತಾಡು.

"ಏನು ಮಾತಾಡಲಿ?" ಎಂದೆ.

"ನಿನ್ನ ಊರಿನ ಸುದ್ದಿ ಹೇಳು. ದನಿ ಕೇಳಿದರೆ ಸಾಕು."

ಆ ಕಡೆ ಖಾಜಾ ಫ್ರೇಯಾಳ ಜೊತೆ ಉರ್ದುವಿನಲ್ಲಿ ಯಾವಾಗಲೋ ಮಾತು ಶುರು ಮಾಡಿದ್ದ. ನಾನು ಥೋರನಿಗೆ ವಾಡಿಯ ಶಿಫ್ಟಿನ ಪಟ್ಟಿ ಹೇಳಿದೆ. ಅದು ಆಕಳಿಸಿತು.

ಜೀನು ಹಾಕಿ ಹೊಟ್ಟೆಯ ಪಟ್ಟಿ ಬಿಗಿಯುವಾಗ ಥೋರ್ ದೀರ್ಘವಾಗಿ ಉಸಿರೆಳೆದುಕೊಂಡು ಹೊಟ್ಟೆ ಉಬ್ಬಿಸಿತು. ಹತ್ತುವ ಮುಂಚೆ ನಾಲ್ಕು ಹೆಜ್ಜೆ ನಡೆಸಿ ಪಟ್ಟಿಯನ್ನು ಮತ್ತೊಮ್ಮೆ ಬಿಗಿ ಎಂದು ಆಕೆ ಹೇಳಿದ್ದಳು. ಒಳ್ಳೆ ಸುಳಿಯ ಕುದುರೆಗೆ ಇಷ್ಟೆಲ್ಲ ಏಕೆ ಎಂದು ನಾನು ಬಿಟ್ಟೆ. ಕಟ್ಟೆಯ ಮೇಲಿಂದ ಕಾಲು ಹಾಕಿ ಕುಳಿತೆ. ಥೋರ್ ಉಸಿರು ಬಿಟ್ಟಿತು. ಪಟ್ಟಿ ಸಡಿಲಾಗಿ ಜೀನು ನಿಧಾನಕ್ಕೆ ಪಕ್ಕಕ್ಕೆ ತಿರುಗಿತು, ಜೀನಿನ ಜೊತೆ ನಾನೂ ತಿರುಗಿದೆ. ಸ್ವಲ್ಪ ಹೊತ್ತು ಕುದುರೆಯ ಹೊಟ್ಟೆಯ ಪಕ್ಕ ಜೋತಾಡಿ ಕೊನೆಗೆ ಕೆಸರಿಗೆ ಬಿದ್ದೆ. ಥೋರ್ ತಿರುಗಿ ನೋಡಿ ನನ್ನ ಟೊಪ್ಪಿಗೆಯನ್ನು ಮೂಸಿತು.

ಖಾಜಾ ಓಡಿಬಂದು ಎತ್ತಿದ. "ಪೆಟ್ಟಾತೇನ್ರಿ ಅಣ್ಣಾರ?"

"ಪಟ್ಟಿ ಯಾರು ಸಡ್ಲ ಮಾಡಿದ್ರು?" ಎಂದೆ ಅವನ ಕೈ ಕೊಡವಿ.

ಅವನು ನನ್ನ ಬೆನ್ನಿನ ಕೆಸರು ಒರೆಸಿ ಫ್ರೇಯಾಳ ಕಡೆ ಹೋದ.

ಮೂರನೆಯ ಭಾನುವಾರ

ರೊಟ್ಟಿ ಕಡಿಮೆಯಾಗುತ್ತಿದ್ದವು. ನಾನು ಮಾಂಸ ಮುಟ್ಟುವವನಲ್ಲ, ಖಾಜಾ ಅಲ್ಲಿಯ ಮಾಂಸ ಮುಟ್ಟುವವನಲ್ಲ. ಇಬ್ಬರೂ ಬೇಯಿಸಿದ ಆಲೂಗಡ್ಡೆ, ಕಪ್ಪು ಬ್ರೆಡ್ಡು ತಿಂದು ಬೇಸತ್ತು, ದಿನಕ್ಕೊಂದೊಂದು ರೊಟ್ಟಿ ಹಿಂಡಿ ಹಚ್ಚಿ ತಿನ್ನುತ್ತಿದ್ದೆವು. ಅವನು ತನ್ನ ರೊಟ್ಟಿಯನ್ನು ನನ್ನ ಮುಂದೆ ಅರ್ಧ ಮಾತ್ರ ತಿಂದು, ಉಳಿದದ್ದನ್ನು ಜೇಬಿಗಿಡುತ್ತಿದ್ದ. ಎಲ್ಲಿಗೆ ಒಯ್ಯುತ್ತಾನೆ? ಹಿಂದೆಯೇ ಹೋದೆ. ಲಾಯದ ಬಾಗಿಲಲ್ಲಿ ನಿಂತು ನೋಡಿದರೆ, ಅಂಗೈ ಚಪ್ಪಟೆ ಮಾಡಿ ಅದರ ಮೇಲೆ ರೊಟ್ಟಿಯ ಚೂರು ಇಟ್ಟು ಫ್ರೇಯಾಳಿಗೆ ತಿನ್ನಿಸುತ್ತಿದ್ದ. ಅದು ಕರುಂ ಕರುಂ ಎಂದು, ನಮ್ಮ ಊರಿನವರ ಹಾಗೆಯೇ ತಿನ್ನುತ್ತಿತ್ತು. ಖಾಜಾನ ಕಣ್ಣಿನಲ್ಲಿ ನೀರಿತ್ತು. ಪಕ್ಕದ ಹುಲ್ಲಿನ ಕಟ್ಟಿನ ಮೇಲೆ ಊರಿನಿಂದ ಬಂದ ಕಾಗದ ಬಿಚ್ಚಿಬಿದ್ದಿತ್ತು.

ನನ್ನನ್ನು ಕಂಡು ಅವನು ಕಣ್ಣು ಒರೆಸಿಕೊಳ್ಳಲಿಲ್ಲ.

"ಚಾಚಾ ಮೈನಾನ ಮಾರ್ತಾನಂತ್ರಿ. ರಮಜಾನ್ ಮುಗದ ಮ್ಯಾಲ. ಟಾಂಗಾಕ್ಕ ಯಾರೂ ಹತ್ತವಲ್ರು. ಶಹಾಬಾದದಾಗ ಕಲ್ಲಿನ ಗಾಡಿಗಿ ಕೊಡ್ತಾನಂತ."

ಶಹಾಬಾದದ ಹಾಸುಗಲ್ಲಿನ ಗಾಡಿ ಎಳೆಯುವ ಕುದುರೆಗಳನ್ನು ನಾನು ಕಂಡಿದ್ದೇನೆ. ಎರಡು ಮಳೆಗಾಲ ಉಳಿದರೆ ಹೆಚ್ಚು. "ಸುಳಿ ಹಂಗ ಅದ, ಏನ್ ಮಾಡೋದು," ಎಂದೆ. ಅವನು ಕೊನೆಯ ಚೂರನ್ನು ಫ್ರೇಯಾಳಿಗೆ ಕೊಟ್ಟ.

ನಾಲ್ಕನೆಯ ಭಾನುವಾರ

ಅಂದು ನೀರಿನ ಬಕೆಟ್ಟು ಹಿಡಿದು, ಹುಲ್ಲು ಹಾಸಿದ ನೆಲದ ಮೇಲೆ ಫ್ರೇಯಾಳ ಹಿಂದಿನಿಂದ ಸರಸರ ನಡೆದೆ. ಅದರ ತಲೆ ಮೇವಿನ ದಾಣಿಯಲ್ಲಿತ್ತು.

"ನಿಲ್ಲು! ಮಾತಾಡು!" ಎಂದು ಕಿರ್ಸ್ಟನ್ ಬಾಯಿ ಕೂಗಿದ ರಭಸಕ್ಕೆ ಬಕೆಟ್ಟು ಅರ್ಧ ಚೆಲ್ಲಿತು.

ಆಕೆ ಬಯ್ಯಲಿಲ್ಲ. ಗೋಡೆಯ ಮೊಳೆಯಿಂದ ಹಳೆಯ ಗಾಡಿಕುದುರೆಯ ಚರ್ಮದ ಕಣ್ಣುಪಟ್ಟಿ ತೆಗೆದು, ನಮ್ಮ ಟಾಂಗಾ ಕುದುರೆಗಳಿಗೆ ಹಾಕುವಂಥದ್ದೇ ಅದು, ನನ್ನ ಮುಖದ ಎರಡು ಪಕ್ಕಕ್ಕೆ ಕಟ್ಟಿದಳು. ಕೈಗೆ ಒಂದು ಸೇಬು ಕೊಟ್ಟು, "ಗೋಡೆ ನೋಡುತ್ತ ತಿನ್ನು," ಎಂದಳು. ತಿನ್ನತೊಡಗಿದೆ. ಮುಂದಿನ ಒಂದು ಚೂರು ಗೋಡೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆಕೆ ಎಲ್ಲಿದ್ದಾಳೆ? ಹುಲ್ಲಿನ ಮೇಲೆ ಹೆಜ್ಜೆಯ ಸದ್ದೂ ಇಲ್ಲ. ಎರಡನೆಯ ತುತ್ತಿಗೆ ನಾನು ಎಲ್ಲ ಮರೆತಿದ್ದೆ. ಆಗ ತಣ್ಣನೆಯ ತಗಡಿನದೇನೋ ಹಿಂದಿನಿಂದ ನನ್ನ ಸೊಂಟಕ್ಕೆ ಟಪ್ಪೆಂದು ಬಡಿಯಿತು.

ನಾನು ಮಾಡಲಿಲ್ಲ, ನನ್ನ ಮೈ ಮಾಡಿತು. ಚೀರಿ ಹಾರಿದೆ, ಮೊಳಕೈ ಹಿಂದಕ್ಕೆ ಹೋಗಿ ಆಕೆಯ ಪಕ್ಕೆಗೆ ಬಿತ್ತು. ಕಣ್ಣುಪಟ್ಟಿ ಕಿತ್ತು ನೋಡಿದರೆ ಕಿರ್ಸ್ಟನ್ ಬಾಯಿ ಒಂದು ಕೈಯಲ್ಲಿ ತಗಡಿನ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಪಕ್ಕೆ ಹಿಡಿದು, ನೋವಿನಲ್ಲೂ ನಗುತ್ತಿದ್ದಾಳೆ.

"ಈಗ ಹೇಳು," ಎಂದಳು. "ನಿನ್ನ ಮೈಮೇಲೆ ಎಲ್ಲಿದೆ ಕೆಟ್ಟ ಸುಳಿ?"

ಇಲ್ಲಿಯವರೆಗೆ ಒಂದು ಸಂಗತಿಯನ್ನು ನಾನು ಬರೆದಿಲ್ಲ. ಯಾರಿಗೂ ಹೇಳಿರಲಿಲ್ಲ, ನೀಲಮ್ಮನಿಗೂ. ಆ ದಿನ ಚಿತ್ತಾಪುರದಲ್ಲಿ ಮೈನಾಳನ್ನು ಟಾಂಗಾದಿಂದ ಬಿಚ್ಚಿದ್ದರು. ಕಣ್ಣುಪಟ್ಟಿ ಹಾಗೆಯೇ ಇತ್ತು, ಮೂತಿ ಹುರುಳಿಯ ಚೀಲದಲ್ಲಿತ್ತು. ಬಳಸಿಕೊಂಡು ಹೋಗಲು ಬೇಸರವಾಗಿ ನಾನು ಹಿಂದಿನಿಂದ ಹೋಗಿ, ಪಕ್ಕಕ್ಕೆ ಸರಿಯಲಿ ಎಂದು ಊಟದ ಡಬ್ಬಿಯಿಂದ ಅದರ ತೊಡೆಗೆ ಬಡಿದೆ. ಬಡಿಯುವ ಮೊದಲು ಮಸ್ತಾನ್ ಚಾಚಾ ಹೋಟೆಲಿನಿಂದ ಕೂಗಿದ್ದ: "ಸಾಹೇಬ್ರ, ಹಿಂದಿಂದ ಹೋಗಬ್ಯಾಡ್ರಿ! ದನಿ ಕೊಡ್ರಿ!" ನನಗೆ ಕೇಳಿಸಿತ್ತು. ಚೆನ್ನಾಗಿ ಕೇಳಿಸಿತ್ತು. ಟಾಂಗಾ ಹೊಡೆಯುವವನು ನನಗೆ ಕುದುರೆಯ ಪಾಠ ಹೇಳುತ್ತಾನೆಯೇ ಎಂದುಕೊಂಡೆ. ಸುಳಿಯನ್ನು ನಾನು ಹುಡುಕಿದ್ದು ಕಾಲು ಮುರಿದ ಮೇಲೆ, ಬೇಕೆಂದೇ ಹುಡುಕಿದ್ದು.

ನನಗೆ ನಾಚಿಕೆಯಾಯಿತು. ಹೊರಗೆ ಬಾವಿಕಟ್ಟೆಯ ಮೇಲೆ ಲಗಾಮು ಒರೆಸುತ್ತ ಕುಳಿತಿದ್ದ ಖಾಜಾನ ಬಳಿ ಹೋಗಿ ಎಲ್ಲವನ್ನೂ ಹೇಳಿದೆ.

"ಗೊತ್ತದ ರೀ," ಎಂದ ತಲೆಯೆತ್ತದೆ. "ಅವತ್ತ ಚಾಚಾನ ಬಾಜೂಕ ಕುಂತು ಚಾ ಕುಡ್ಯಾಕತ್ತಿದ್ದೆ."

"ಮತ್ತ ಎರಡು ವರ್ಷ ಯಾಕ ಹೇಳ್ಲಿಲ್ಲೋ?"

"ಹೇಳಿದ್ರ ನಂಬತಿದ್ರೇನ್ರಿ? ಹಾಲಾಗ ನೀರಿಲ್ಲ ಅಂದ್ರೂ ನೀವು ನಂಬಂಗಿಲ್ಲ."

ಆ ಸಂಜೆ ಮಸ್ತಾನ್ ಚಾಚಾನಿಗೆ ಕಾಗದ ಬರೆದೆ. ತಪ್ಪು ನನ್ನದು, ಮೈನಾಳನ್ನು ಮಾರಬೇಡಿ, ನಾನು ಬರುವತನಕ ತಡೆಯಿರಿ. ಅಂಚೆ ಡಬ್ಬಿಗೆ ಹಾಕಿದ ಮೇಲೂ ಅದರ ಬಾಯಿಯೊಳಗೆ ಕೈ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ನೋಡಿದೆ.

ಸಮುದ್ರದ ದಂಡೆ

ಆಮೇಲೆ ನಾನು ಫ್ರೇಯಾಳನ್ನೇ ಕೇಳಿ ತೆಗೆದುಕೊಂಡೆ. ಭುಜದ ಹತ್ತಿರ ನಿಂತು ದನಿ ಕೊಡುವುದು, ಕೈಯನ್ನು ಬೆನ್ನಿನ ಮೇಲಿಂದ ಎತ್ತದೆ ಜಾರಿಸುತ್ತ ಹಿಂದಿನಿಂದ ಮೈಗೆ ಮೈ ತಾಗಿಸಿಯೇ ಬಳಸಿ ಹೋಗುವುದು, ಪಟ್ಟಿಯನ್ನು ಎರಡು ಸಲ ಬಿಗಿಯುವುದು, ಎಲ್ಲ ಕಲಿತೆ. ಅನುಮಾನದ ಮನುಷ್ಯನಾದ್ದರಿಂದ ಮೂರು ಸಲ ಬಿಗಿಯುತ್ತಿದ್ದೆ. "ಈ ವಿಷಯದಲ್ಲಿ ನಿನ್ನ ಬುದ್ಧಿ ಒಳ್ಳೆಯದು," ಎಂದಳು ಕಿರ್ಸ್ಟನ್ ಬಾಯಿ.

ಆದರೆ ಓಟಕ್ಕೆ ಬಂದರೆ ಬುದ್ಧಿ ಸಾಲದು. ಮೈ ಬಿಗಿಹಿಡಿದು ಲಗಾಮು ಜಗ್ಗುತ್ತಿದ್ದೆ, ಫ್ರೇಯಾ ತಲೆ ಕೊಡವುತ್ತಿತ್ತು, ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. "ನೀನು ಅದನ್ನು ಹಿಡಿದುಕೊಂಡಿಲ್ಲ, ಅದರ ಮೇಲೆ ಸಂಶಯಪಡುತ್ತಿದ್ದೀ. ಲಗಾಮಿನಿಂದ ಅದಕ್ಕೆ ಬಾಯಲ್ಲಿ ಗೊತ್ತಾಗುತ್ತದೆ," ಎಂದಳು ಆಕೆ.

ಮೇ ತಿಂಗಳ ಒಂದು ಬೆಳಗ್ಗೆ ಮೂವರೂ ಸಮುದ್ರದ ದಂಡೆಗೆ ಹೋದೆವು. ಖಾಜಾ ಥೋರನ ಮೇಲೆ ಮುಂದಿದ್ದ. ಗಟ್ಟಿಯಾದ ಒದ್ದೆ ಮರಳು, ಎದುರಿಗೆ ಯಾರೂ ಇಲ್ಲ. ನಾನು ಬೆರಳು ಸಡಿಲ ಬಿಟ್ಟೆ. ಉಸಿರೂ ಬಿಟ್ಟೆ. ಫ್ರೇಯಾಳ ಬೆನ್ನು ಏಳುವಾಗ ನಾನು ಎದ್ದೆ, ಇಳಿಯುವಾಗ ಇಳಿದೆ. ಒಮ್ಮೆಲೇ ಕುಲುಕು ನಿಂತುಹೋಯಿತು. ನನ್ನ ಕುಂಟುಕಾಲಿಗೆ ನಾಲ್ಕು ಗಟ್ಟಿ ಕಾಲು ಬಂದಿದ್ದವು. ನಾನು ಕೂಗಿ ನಕ್ಕೆ. ಐವತ್ತರ ಹತ್ತಿರ ಬಂದವನು ಅಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ. ಇಳಿದ ಮೇಲೆ ಅದರ ಕತ್ತಿಗೆ ಮುಖ ಇಟ್ಟೆ, ಬೆವರಿನ ವಾಸನೆ ಮೈನಾಳದ್ದೇ ಇತ್ತು. ಖುಷಿ ಅಲ್ಲಿಗೇ ನಿಂತಿತು. ಕಾಗದಕ್ಕೆ ಉತ್ತರ ಬಂದಿರಲಿಲ್ಲ, ರಮಜಾನ್ ಮುಗಿಯುವತನಕವಾದರೂ ಚಾಚಾ ಮೈನಾಳನ್ನು ಇಟ್ಟುಕೊಳ್ಳುತ್ತಾನೋ ಇಲ್ಲವೋ ಗೊತ್ತಿರಲಿಲ್ಲ.

ಚಿತ್ತಾಪುರ ಸ್ಟೇಷನ್

ನಾಲ್ಕು ತಿಂಗಳೆಂದಿದ್ದ ತರಬೇತಿ ಬೆಳೆದು ಏಳು ತಿಂಗಳಾಯಿತು. ಊರು ಮುಟ್ಟಿದಾಗ ರಮಜಾನ್ ಹಬ್ಬ ಮುಗಿದು ಎರಡು ವಾರವಾಗಿತ್ತು. ರೈಲಿನಿಂದ ಇಳಿದವನು ಗಂಟುಮೂಟೆ ಖಾಜಾನಿಗೆ ಬಿಟ್ಟು ನೇರ ಹೊರಗೆ ಓಡಿದೆ. ಟಾಂಗಾಗಳ ಸಾಲು ನೋಡಿದೆ. ಕೊನೆಯಲ್ಲಿ, ಬೇವಿನ ಗಿಡದ ಕೆಳಗೆ, ಪಕ್ಕೆಲುಬು ಎಣಿಸುವಂತಾದ ಮೈನಾ ನಿಂತಿದ್ದಳು. ಪಕ್ಕದಲ್ಲಿ ಬೀಡಿ ಸೇದುತ್ತ ಮಸ್ತಾನ್ ಚಾಚಾ ಕುಳಿತಿದ್ದ.

"ಮಾರಲಿಲ್ಲಲ್ಲ ಚಾಚಾ! ನನ್ನ ಕಾಗದ ಮುಟ್ಟಿತೇನು?" ಎಂದೆ.

"ಮುಟ್ಟೇದ ರೀ. ಓದಸಿ ಕೇಳೀನಿ," ಎಂದ. "ನಿಮ್ಮ ಕಾಗದಕ್ಕ ಅಲ್ಲ ಉಳದದ್ದು. ಮಾರಲಿಕ್ಕ ಒಯ್ದಿದ್ದೆ. ಶಹಾಬಾದದಾಗ ಕೇಳಿದೆ, ಸೇಡಂದಾಗ ಕೇಳಿದೆ, ಚಿಂಚೋಳಿ ತನಾ ನಡಸಿಕೋತ ಹೋದೆ. ಎಲ್ಲಾರೂ ಕಣ್ಣಿನ ಕೆಳಗ ಬೊಟ್ಟಿಟ್ಟು ನೋಡಿ ಹೊಳ್ಳಿ ಕಳಸಿದ್ರು. ನಿಮ್ಮ ಮಾತು ನನ್ನಕಿಂತ ಮೊದ್ಲ ಹೋಗಿ ಅಲ್ಲಿ ಕುಂತಿತ್ತು."

"ತಪ್ಪು ನಂದಂತ ಬರದಿದ್ದೆನಲ್ಲ ಚಾಚಾ."

"ಬರದೀರಿ ಖರೇ. ಹೋಟಲದಾಗ ನಾಕ್ ಮಂದಿ ಮುಂದ ಅಂದದ್ದು, ಕಾಗದದಾಗ ಬರದ್ರ ಊರಿಗಿ ಕೇಳಸ್ತದೇನ್ರಿ?"

ರೈಲಿನಿಂದ ಇಳಿದ ಜನ ನಿಂತಿದ್ದರು. ಹೋಟೆಲಿನ ಬೆಂಚು ತುಂಬಿತ್ತು. ಅಲ್ಲಿ ಅಪ್ಪನ ಕಾಲದಿಂದ ನಮ್ಮ ಮನೆಯವರನ್ನು ಕಂಡರೆ ಎದ್ದು ನಿಲ್ಲುವವರಿದ್ದರು. ಇಂದು ಬಾಯಿ ಬಿಟ್ಟರೆ ಇನ್ನು ಯಾರೂ ನನ್ನನ್ನು ಸುಳಿ ನೋಡಲು ಕರೆಯುವುದಿಲ್ಲ, ಅಪ್ಪನ ಹೆಸರೂ ಹೋಗುತ್ತದೆ.

"ಮೈನಾ, ಮೈನಾ ಬೇಟಿ, ನಾ ಬಂದೀನಿ," ಎಂದು ದನಿ ಕೊಡುತ್ತ ಅವಳಿಗೆ ಕಾಣುವಂತೆ ಪಕ್ಕದಿಂದ ಹೋದೆ. ಭುಜದ ಮೇಲೆ ಕೈ ಇಟ್ಟೆ. ಚರ್ಮ ಪಟಪಟ ಅದುರಿತು. ಕೈ ಎತ್ತದೆ ಬೆನ್ನ ಮೇಲಿಂದ ಜಾರಿಸುತ್ತ, ನನ್ನ ಕಾಲು ಮುರಿದ ಜಾಗಕ್ಕೆ, ಅವಳ ಬಾಲದ ಹಿಂದಕ್ಕೆ, ಮೈ ತಾಗಿಸಿಯೇ ನಡೆದೆ. ಹೋಟೆಲಿನಲ್ಲಿ ಚಹದ ಕಪ್ಪು-ಬಸಿಗಳ ಸದ್ದು ನಿಂತಿತು. ಮೈನಾ ಒಂದು ಕಿವಿಯನ್ನು ನನ್ನ ಕಡೆ ತಿರುಗಿಸಿ ಸುಮ್ಮನೆ ನಿಂತಳು. ಇನ್ನೊಂದು ಪಕ್ಕಕ್ಕೆ ಬಂದು ನಿಂತೆ.

"ಶರಣಪ್ಪ, ಆ ಕಣ್ಣೀರ ಸುಳಿ ಏನಾತೋ?" ಎಂದು ಹೋಟೆಲಿನ ಮಾಲಕ ಕೂಗಿದ.

"ಸುಳಿ ಇದ್ದಲ್ಲೇ ಅದ," ಎಂದೆ ಎಲ್ಲರಿಗೂ ಕೇಳುವಂತೆ. "ನನ್ನ ಕಾಲು ಮುರದದ್ದು ನನ್ನ ಸೊಕ್ಕಿನಿಂದ. ಹಿಂದಿಂದ ಹೋಗಿ ಡಬ್ಬಿಲೆ ಬಡದಿದ್ದೆ. ಹೋಗಬ್ಯಾಡ್ರಿ ಅಂತ ಚಾಚಾ ಒದರಿದ್ದ, ನಾ ಕೇಳಿದ್ದೆ. ಕೇಳಿನೂ ಸುಳ್ಳು ಹೇಳಿದೆ. ಈ ಕುದುರಿದು ಏನೂ ತಪ್ಪಿಲ್ಲ."

ಒಬ್ಬ ಮುದುಕ ಎದ್ದು ಮುಖ ತಿರುಗಿಸಿ ಹೊರಟುಹೋದ. ಮಸ್ತಾನ್ ಚಾಚಾ ಬೀಡಿಯನ್ನು ನೆಲಕ್ಕೆ ತಿಕ್ಕಿ, ಮೈನಾಳನ್ನು ಟಾಂಗಾಕ್ಕೆ ಕಟ್ಟತೊಡಗಿದ. ಅವನು ನನ್ನನ್ನು ಕ್ಷಮಿಸಿದನೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ.

"ಬರ್ರಿ, ಕುಂದ್ರಿ," ಎಂದ. "ಹಿಂದ ಅಲ್ಲ. ಮುಂದ, ನನ್ನ ಬಾಜೂಕ."

"ಮನಿಗಿ ಏನು ಚಾಚಾ?"

"ಇಲ್ರಿ. ಇವತ್ತ ಬಜಾರ. ನಾಳಿಗಿ ತಹಶೀಲ ಕಚೇರಿ ರಸ್ತಾ. ಆ ಮ್ಯಾಲ ಸುತ್ತಿನ ಹಳ್ಳಿ. ನಿಮ್ಮ ಮಾತು ಎಲ್ಲೆಲ್ಲಿ ಹೋಗ್ಯಾದೋ ಅಲ್ಲೆಲ್ಲ ನೀವು ಈ ಟಾಂಗಾದಾಗ ಕುಂತು ಬರಬೇಕು."

"ಅದು ಚಿಂಚೋಳಿ ತನಾ ಹೋಗ್ಯಾದಲ್ಲ ಚಾಚಾ," ಎಂದೆ.

"ಅಕಿ ನಡಕೋತ ಹೋಗಿ ಬಂದಾಳ," ಎಂದ ಚಾಚಾ. "ನಿಮಗ ಕುಂದ್ರಲಿಕ್ಕೇನು?"

ನಾನು ಮೈನಾಳಿಗೆ ಇನ್ನೊಮ್ಮೆ ದನಿ ಕೊಟ್ಟು, ಅವನ ಪಕ್ಕ ಹತ್ತಿ ಕುಳಿತೆ.